ನೋಟಕ್ಕೂ ಅದಬು ಬೇಕು

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಅಕ್ಕನ ಮಗ ದೊಡ್ಡದೊಂದು ಕಾಗದದ ಸುರುಳಿಯನ್ನು ಬಗಲಲ್ಲಿ ಇಟ್ಟುಕೊಂಡು ಬೈಲಹೊಂಗಲದ ನಮ್ಮ ಮನೆಗೆ ಬಂದ. ಹುಡುಗ ವಾಸ್ತುಶಿಲ್ಪದ ಕೊನೆಯ ವರ್ಷದ ವಿದ್ಯಾರ್ಥಿ. ಪರೀಕ್ಷೆಯ ಕೆಲಸಕ್ಕೆಂದು ಅವನೇ ಆರಿಸಿಕೊಂಡ ವಿಷಯ: ಸವದತ್ತಿಯ ಬಳಿ ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ, ಸುತ್ತಲಿನ ಪ್ರಕೃತಿಯೊಳಗೆ ಬೆರೆತುಹೋಗುವಂಥ ಒಂದು ಪಕ್ಷಿವೀಕ್ಷಣಾ ಗೋಪುರ. ಚಹಾ ಕುಡಿದು ಮುಗಿಸುವ ಮೊದಲೇ ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟ. "ಮಾಮೂ, ನೀವು ಕಥೆಗಳ ವಿಮರ್ಶೆ ಮಾಡ್ತೀರಲ್ಲ, ಇದನ್ನೂ ಮಾಡಿ. ಆದರೆ ಸುಳ್ಳು ಹೊಗಳಿಕೆ ಬೇಡ" ಎಂದ.

ನಾವು ಕಟ್ಟಡ ಶಾಸ್ತ್ರ ಓದಿದವರಲ್ಲ. ಆದರೂ ಕಟ್ಟಡವೂ ಒಂದು ಕೃತಿಯೇ. ಕಥೆ ಇಷ್ಟವಾಗದಿದ್ದರೆ ಓದುಗ ಪುಸ್ತಕ ಮುಚ್ಚಿಡಬಹುದು. ಕೆರೆಯ ದಂಡೆಯಲ್ಲಿ ಎದ್ದು ನಿಂತ ಕಾಂಕ್ರೀಟಿನ ಕೃತಿಯನ್ನು ಮುಚ್ಚಿಡಲು ಬರುವುದಿಲ್ಲ. ಹಾಗಾಗಿ ಅದರ ವಿಮರ್ಶೆ ಇನ್ನೂ ಹೆಚ್ಚು ಅಗತ್ಯ. ಆ ಹುಡುಗನಿಗೆ ಅಂದು ಹೇಳಿದ್ದನ್ನೂ, ಆಮೇಲೆ ಅವನೊಂದಿಗೆ ಹಿನ್ನೀರಿನ ದಂಡೆ ತಿರುಗಿದಾಗ ನಾವೇ ಕಲಿತದ್ದನ್ನೂ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು ಅವನ ಚಿತ್ರದ ಮಾತು. ಒಂಟಿ ಕಾಲ ಮೇಲೆ ನಿಂತ ಕೊಕ್ಕರೆಯ ಆಕಾರದ, 70 ಅಡಿ ಎತ್ತರದ ಗೋಪುರ. ಕಾಲಿನೊಳಗೆ ಸುತ್ತುಮೆಟ್ಟಿಲು. ಹೊಟ್ಟೆಯ ಭಾಗದಲ್ಲಿ ಸುತ್ತಲೂ ಗಾಜು ಹಾಕಿದ ಕೋಣೆ. ಕೆಳಗಿನ ಅರ್ಧಕ್ಕೆ ಹಸಿರು ಬಣ್ಣ, ಮೇಲಿನ ಅರ್ಧಕ್ಕೆ ತಿಳಿನೀಲಿ. ಹುಲ್ಲಿನ ಎದುರು ಹುಲ್ಲಿನಂತೆ, ಆಕಾಶದ ಎದುರು ಆಕಾಶದಂತೆ ಕಾಣಬೇಕು ಎಂಬುದು ಅವನ ಲೆಕ್ಕ. ಚಿತ್ರ ಚೆನ್ನಾಗಿತ್ತು, ಕೈ ಪಳಗಿದೆ. ಆದರೆ ನೋಡುತ್ತ ಹೋದಂತೆ ನಮಗೆ ಒಂದು ಪ್ರಶ್ನೆ ಕಾಡತೊಡಗಿತು. ಈ ಗೋಪುರ ಬೆರೆಯುವುದು ಯಾರ ಕಣ್ಣಿಗೆ? ಕಾಗದ ನೋಡುವವರ ಕಣ್ಣಿಗೋ, ಹಕ್ಕಿಯ ಕಣ್ಣಿಗೋ, ಅಲ್ಲಿ ದಿನವೂ ಬದುಕುವ ಮನುಷ್ಯರ ಕಣ್ಣಿಗೋ?

ಈ ಪ್ರಶ್ನೆಗೆ ಕುಳಿತಲ್ಲೇ ಉತ್ತರ ಸಿಗುವಂತಿರಲಿಲ್ಲ. ಮರುವಾರ ಇಬ್ಬರೂ ಮುಂಜಾನೆಯ ಚಳಿಯಲ್ಲಿ ಹಿನ್ನೀರಿಗೆ ಹೊರಟೆವು.

ಆ ಜಾಗದ ಪರಿಚಯ ಇಲ್ಲದ ಓದುಗರಿಗಾಗಿ ನಾಲ್ಕು ಮಾತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಬೈಲಹೊಂಗಲ ತಾಲೂಕಿನ ಹೊಲಗಳ ನಡುವೆ, ಸಂಗೊಳ್ಳಿ ರಾಯಣ್ಣನ ಊರಿನ ಪಕ್ಕ ಹರಿದು ಸವದತ್ತಿಯ ಕಡೆ ಬರುತ್ತಾಳೆ. ಅಲ್ಲಿ ಮರಳುಗಲ್ಲಿನ ಗುಡ್ಡ ಅಡ್ಡ ಬರುತ್ತದೆ. ನವಿಲೊಂದು ಕೂಗಿ ಕರೆದಾಗ ಗುಡ್ಡವೇ ಸೀಳಿ ಹೊಳೆಗೆ ದಾರಿಯಾಯಿತೆಂಬುದು ಜನರ ಕಥೆ. ಆ ಕಣಿವೆಗೆ ನವಿಲುತೀರ್ಥವೆಂದು ಹೆಸರು. ಇದೇ ಸೀಳಿಗೆ ಅಡ್ಡವಾಗಿ 1970ರ ದಶಕದ ಆರಂಭದಲ್ಲಿ ಆಣೆಕಟ್ಟು ಬಂತು. ಹಿಂದೆ ನಿಂತ ನೀರೇ ರೇಣುಕಾಸಾಗರ, 37.73 ಟಿಎಂಸಿ ಹಿಡಿಯುವ ಜಲಾಶಯ. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಹೋಗುವುದೂ ಇಲ್ಲಿನ ನೀರೇ, ನರಗುಂದ-ನವಲಗುಂದದ ಹೊಲಗಳಿಗೆ ಹೋಗುವುದೂ ಇಲ್ಲಿನ ನೀರೇ.

ಈ ನೀರು ನಿಂತಲ್ಲೇ ನಿಲ್ಲುವುದಿಲ್ಲ. ಮಳೆಗಾಲದ ಕೊನೆಗೆ ಹೊಲದ ಅಂಚಿನವರೆಗೆ ಬಂದು ಮುಟ್ಟುತ್ತದೆ. ಚಳಿಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ದೂರ ಸರಿಯುತ್ತ ಹೋಗಿ ಕಪ್ಪು ಕೆಸರಿನ, ಎಳೆಹುಲ್ಲಿನ ದೊಡ್ಡ ಬಯಲನ್ನು ಬಿಟ್ಟುಕೊಡುತ್ತದೆ. ಆಳವಾದ ನೀರಿಗಿಂತ ಈ ತೆಳುನೀರಿನ ಕೆಸರಂಚೇ ಕಾಲುದ್ದದ ಹಕ್ಕಿಗಳ ದಸ್ತರಖಾನ್. ಹಾಗೆಯೇ ದನಕುರಿಗಳ ಹುಲ್ಲುಗಾವಲೂ ಅದೇ, ಬಲೆ ಒಣಗಿಸುವ ಅಂಗಳವೂ ಅದೇ. ನೀರು ಇಳಿದಲ್ಲಿ ಕಡಲೆ, ಜೋಳ ಹಾಕುವುದು ಆಣೆಕಟ್ಟಿನ ಹಿಂದಿನ ಊರುಗಳಿಗೆ ಹೊಸ ಸಂಗತಿಯಲ್ಲ. ಗೋಪುರದ ಮೊದಲ ಕಷ್ಟವೂ ಇಲ್ಲೇ ಇದೆ. ನೀರು ತಿಂಗಳಿಗೊಮ್ಮೆ ಮನೆ ಬದಲಿಸುತ್ತದೆ, ಹಕ್ಕಿ ಅದರ ಬೆನ್ನು ಹತ್ತುತ್ತದೆ. 70 ಅಡಿಯ ಕಾಂಕ್ರೀಟ್ ಕೊಕ್ಕರೆ ಮಾತ್ರ ನಿಂತಲ್ಲೇ ನಿಂತು, ಮಾರ್ಚ್ ತಿಂಗಳಲ್ಲಿ ಒಣಬಯಲನ್ನು ನೋಡುತ್ತ ಇರಬೇಕಾಗುತ್ತದೆ.

'ಸುತ್ತಲಿನ ಪ್ರಕೃತಿ' ಎಂಬ ಮಾತನ್ನೂ ಸ್ವಲ್ಪ ತಡೆದು ನೋಡಬೇಕು. ಈ ನೀರು ದೇವರು ಕೊಟ್ಟದ್ದು ನಿಜ, ಆದರೆ ಈ ಸರೋವರ ಮನುಷ್ಯರು ಮಾಡಿದ್ದು. ಇದರ ಅಡಿಯಲ್ಲಿ ಜನ ಬಿಟ್ಟುಬಂದ ಊರುಗಳಿವೆ, ಮನೆಯ ಅಡಿಪಾಯಗಳಿವೆ, ಹಿರಿಯರ ಗೋರಿಗಳಿವೆ. ಪರಿಹಾರದ ಕಾಗದ ಹಿಡಿದು ಬೇರೆಡೆ ಮನೆ ಕಟ್ಟಿಕೊಂಡವರ ಮಕ್ಕಳು ಇವತ್ತಿಗೂ ಇದೇ ದಂಡೆಯಲ್ಲಿ ಕುರಿ ಮೇಯಿಸುತ್ತಾರೆ. ಅವರಿಗೆ ಅದು ನಿಸರ್ಗದ ನೋಟವಲ್ಲ, ಅಜ್ಜನ ಊರು. ಕಾನೂನಿಗೂ ಈ ಗೊಂದಲ ಇದೆ. ಇರಾನಿನ ರಾಮ್ಸರ್ ನಗರದಲ್ಲಿ 1971ರ ಫೆಬ್ರವರಿ 2ರಂದು ಆದ ಒಪ್ಪಂದ, ಜೌಗುಪ್ರದೇಶ ಸಹಜವೋ ಮಾನವನಿರ್ಮಿತವೋ ಎಂದು ಭೇದ ಮಾಡುವುದಿಲ್ಲ. ನಮ್ಮ ದೇಶದ 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಆ ನಿಯಮ ಅನ್ವಯಿಸುವ ಜೌಗಿನಲ್ಲಿ, ಹಿಂದಿನ ಹತ್ತು ವರ್ಷಗಳ ಸರಾಸರಿ ನೆರೆಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆಯ ಹೊರತು ಕಾಯಂ ಕಟ್ಟಡ ಎಬ್ಬಿಸುವಂತಿಲ್ಲ. ರೇಣುಕಾಸಾಗರದಂಥ ಜಲಾಶಯಕ್ಕೆ ಆ ರಕ್ಷಣೆಯೂ ತಾನಾಗಿ ದೊರೆಯುವುದಿಲ್ಲ. ಕಟ್ಟುವವನ ವಿವೇಕವೇ ಇಲ್ಲಿ ಕಾನೂನು.

ಹಕ್ಕಿಗೆ ಈ ವ್ಯಾಖ್ಯೆಗಳು ಗೊತ್ತಿಲ್ಲ. ಗೋಕಾಕ ತಾಲೂಕಿನ ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರು 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ಅದೂ ನೀರಾವರಿಗೆಂದು ಕಟ್ಟಿದ್ದೇ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಊರ ಜನರ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಅಲ್ಲಿ ಇಳಿಯುತ್ತವೆ. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿ ಕೆರೆಯೂ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಉತ್ತರ ಕರ್ನಾಟಕದಲ್ಲಿ ಹಕ್ಕಿಗಳ ಬದುಕು ಉಳಿದಿರುವುದು ಮನುಷ್ಯರಿಲ್ಲದ ಕಾಡಿನಲ್ಲಲ್ಲ. ಮನುಷ್ಯರು ಕಟ್ಟಿದ, ಮನುಷ್ಯರು ಬಳಸುವ ನೀರಿನಲ್ಲಿ. ಇಂಥಲ್ಲಿ ಬೆರೆಯಬೇಕಾದ ಗೋಪುರ ಹುಲ್ಲಿನೊಂದಿಗೆ ಬೆರೆತರೆ ಸಾಲದು, ಜನರೊಂದಿಗೂ ಬೆರೆಯಬೇಕು.

ಹಾಗೆ ಬೆರೆತ ಒಂದು ಗೋಪುರವನ್ನು ನಾವು ಚಿಕ್ಕಂದಿನಲ್ಲೇ ಕಂಡಿದ್ದೇವೆ. ಅದೇ ಹೊಲದ ಮಂಚಿಕೆ. ಬೈಲಹೊಂಗಲದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ತೆನೆಗೆ ಹಾಲು ತುಂಬುವ ದಿನಗಳಲ್ಲಿ ನಾಲ್ಕು ಕಂಬ ನೆಟ್ಟು, ಬೆಳೆಯ ತಲೆಗಿಂತ ಸ್ವಲ್ಪ ಮೇಲಕ್ಕೆ ಅಡ್ಡಗಳನ್ನು ಬಿಗಿದು, ಮೇಲೆ ಕಣಿಕೆ ಹಾಸಿ ಮಂಚಿಕೆ ಕಟ್ಟುತ್ತಿದ್ದರು. ನಮ್ಮ ಅಜ್ಜ ಅದರ ಮೇಲೆ ಕವಣಿ ಹಿಡಿದು ಕೂಡುತ್ತಿದ್ದರು. ನಾವು ಮದ್ರಸಾ ಮುಗಿಸಿ, ಕನ್ನಡ ಶಾಲೆಯ ಗಂಟೆ ಹೊಡೆಯುವ ಮೊದಲು ಅವರಿಗೆ ರೊಟ್ಟಿ ಕೊಟ್ಟು ಬರಬೇಕಾಗಿತ್ತು. ಮೇಲೆ ಹತ್ತಿ ಕುಳಿತರೆ ಇಡೀ ಹೊಲ ಒಂದು ಜಮಖಾನದಂತೆ ಕಾಣುತ್ತಿತ್ತು.

ವಿನ್ಯಾಸ ಎಂಬ ದೃಷ್ಟಿಯಿಂದ ಮಂಚಿಕೆಯನ್ನು ನೋಡಿ. ಎತ್ತರ ಕೆಲಸಕ್ಕೆ ಬೇಕಾದಷ್ಟೇ. ಸಾಮಾನೆಲ್ಲ ಅದೇ ಹೊಲದ್ದು. ಆಯುಷ್ಯ ಒಂದು ಬೆಳೆಯ ಕಾಲ. ಸುಗ್ಗಿ ಮುಗಿದ ಮೇಲೆ ಕಂಬ ಹಿತ್ತಲಿಗೆ, ಕಣಿಕೆ ದನಕ್ಕೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದ್ದು. ಅದರ ಮೇಲೆ ಕಾಯಂ ಕಟ್ಟಡ ನಿಲ್ಲಿಸಲು ಇಂಜಿನಿಯರುಗಳು ಆಳದಲ್ಲಿ ಬುಡ ಅಗಲವಾದ ಪೈಲುಗಳನ್ನು ಇಳಿಸಬೇಕಾಗುತ್ತದೆ. ಮಂಚಿಕೆಗೆ ಆ ಚಿಂತೆಯಿಲ್ಲ. ನೆಲ ಬಿರಿಯುವಷ್ಟರಲ್ಲಿ ಅದು ಅಲ್ಲಿಂದ ಎದ್ದು ಹೋಗಿರುತ್ತದೆ.

ಆದರೆ ಮಂಚಿಕೆಯನ್ನು ಹೊಗಳುವ ಭರದಲ್ಲಿ ಒಂದು ಮಾತು ಮರೆಯಬಾರದು. ಅದು ಇದ್ದದ್ದು ಹಕ್ಕಿ ನೋಡಲಿಕ್ಕಲ್ಲ, ಹಕ್ಕಿ ಓಡಿಸಲಿಕ್ಕೆ. ನಮ್ಮ ಕಣ್ಣಿಗೆ ಹೊಲದಲ್ಲಿ ಕರಗಿಹೋಗುವ ಆ ಮಂಚಿಕೆ ಗಿಳಿ-ಗುಬ್ಬಿಗಳಿಗೆ ಹರದಾರಿ ದೂರದಿಂದ ಗೊತ್ತಾಗುತ್ತಿತ್ತು; ಏಕೆಂದರೆ ಅದರ ಮೇಲೊಬ್ಬ ಮನುಷ್ಯ ಎದ್ದು ನಿಂತು ಕೂಗುತ್ತಿದ್ದ. ನಮ್ಮ ಕಣ್ಣಿಗೆ ಬೆರೆತದ್ದೆಲ್ಲ ಹಕ್ಕಿಯ ಕಣ್ಣಿಗೆ ಬೆರೆತಿರಬೇಕೆಂದಿಲ್ಲ. ಇಂದು ಹಕ್ಕಿ ನೋಡಲು ಗೋಪುರ ಕಟ್ಟುವವರು ಮೊದಲು ತಿಳಿಯಬೇಕಾದ ಪಾಠ ಇದು.

ಈ ಪಾಠವನ್ನು ಅಂದು ಬೆಳಿಗ್ಗೆ ನಮಗೆ ಹಿನ್ನೀರಿನ ದಂಡೆಯಲ್ಲಿ ಒಬ್ಬ ವಯಸ್ಸಾದ ಅಂಬಿಗರು ಇನ್ನೂ ಸರಳವಾಗಿ ಹೇಳಿದರು. ಹುಡುಗ ಹಸಿರು ಅಂಗಿ ತೊಟ್ಟು ಬಂದಿದ್ದ. ಬೆಳ್ಳಕ್ಕಿಗಳ ಗುಂಪನ್ನು ಕಂಡವನೇ ಬಾಗಿ ಬಾಗಿ ಮುಂದೆ ನಡೆದ. ಗುಂಪು ಎದ್ದು ಹಾರಿಹೋಯಿತು. ಅದೇ ಹೊತ್ತಿಗೆ ಎಮ್ಮೆಗಳ ಹಿಂಡೊಂದು ಆ ಕಡೆಯಿಂದ ನೀರಿಗಿಳಿದರೂ ಉಳಿದ ಹಕ್ಕಿಗಳು ಕದಲಲಿಲ್ಲ. ಅಂಬಿಗರು ಬಲೆ ಬಿಡಿಸುತ್ತ ನಕ್ಕರು: "ಸಾಹೇಬ್ರ, ಹಕ್ಕಿ ಅಂಗಿ ಬಣ್ಣ ನೋಡೂದಿಲ್ರೀ. ನಡಿಗಿ ನೋಡ್ತಾವ. ಕದ್ದು ಬರಾಂವ ಯಾರು, ತನ್ನ ಕೆಲಸಕ್ಕ ಹೊಂಟಾಂವ ಯಾರು ಅನ್ನೂದು ಅವಕ್ಕ ತಿಳೀತದ."

ವಿಜ್ಞಾನ ಇದಕ್ಕೆ ಒಂದು ಮಾತು ಸೇರಿಸುತ್ತದೆ. ಹಗಲಿನ ಹಕ್ಕಿಗಳಲ್ಲಿ ಬಹುಪಾಲು ನಮಗೆ ಕಾಣದ ಅತಿನೇರಳೆ ಬೆಳಕನ್ನೂ ಕಾಣುತ್ತವೆ. ನಾವು 'ಹುಲ್ಲಿನ ಹಸಿರು' ಎಂದು ಡಬ್ಬಿಯಿಂದ ಬಳಿದ ಬಣ್ಣ ಅವುಗಳಿಗೆ ಹುಲ್ಲಿನಂತೆಯೇ ಕಾಣುತ್ತದೆ ಎಂಬ ಭರವಸೆ ಇಲ್ಲ. ಅವುಗಳನ್ನು ಬೆಚ್ಚಿಸುವುದು ಮುಖ್ಯವಾಗಿ ಬಯಲಿನಲ್ಲಿ, ಆಕಾಶದ ಎದುರು ಅಲುಗಾಡುವ ಮನುಷ್ಯಾಕೃತಿ. ಗಾಜಿನಲ್ಲಿ ಮೋಡದ ಪ್ರತಿಬಿಂಬ ಕಂಡು ಅದೇ ಆಕಾಶವೆಂದು ಹಾರಿ ಬಡಿದು ಸಾಯುವ ಹಕ್ಕಿಗಳ ಕಥೆ ಎಲ್ಲ ದೊಡ್ಡ ನಗರಗಳದ್ದೂ ಆಗಿದೆ. ಬಯಲಿನ ನಡುವೆ ಒಂದೇ ಒಂದು ಎತ್ತರದ ವಸ್ತು ನಿಂತರೆ ಅದು ಹದ್ದು-ಕಾಗೆಗಳಿಗೆ ಒಳ್ಳೆಯ ಕಾವಲುಗಟ್ಟೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಅದೇ ಮೃತ್ಯು. ತಗಡಿನ ಮೆಟ್ಟಿಲ ಮೇಲೆ ಶಾಲೆಯ ಮಕ್ಕಳು ಒಟ್ಟಾಗಿ ಹತ್ತಿದರೆ ಆ ಸದ್ದು ಆಚೆ ದಂಡೆಗೂ ಮುಟ್ಟುತ್ತದೆ. ಈ ನಾಲ್ಕೂ ಸಂಗತಿಗಳನ್ನು ಇಟ್ಟು ನಮ್ಮ ಹುಡುಗನ ಚಿತ್ರ ನೋಡಿದರೆ, ಹಕ್ಕಿಯ ರೂಪದ ಆ ಗೋಪುರ ಹಕ್ಕಿಯ ಶತ್ರುವೇ ಆಗಿತ್ತು.

ತಪ್ಪು ಅವನೊಬ್ಬನದಲ್ಲ. ನಾಡಿನ ಉದ್ಯಾನಗಳಲ್ಲಿ, ಕೆರೆಯಂಗಳಗಳಲ್ಲಿ ನಾವು ಎಷ್ಟು ಸಾರಿ ಕಂಡಿಲ್ಲ! ಸಿಮೆಂಟಿನಲ್ಲಿ ಮಾಡಿದ ಮರದ ಬೊಡ್ಡೆ, ಅದಕ್ಕೆ ಗೀರು ಹಾಕಿ ಮಾಡಿದ ತೊಗಟೆ, ಕಂದು ಬಣ್ಣದ ಬಿದಿರು, ಬಾಯಿ ತೆರೆದ ಮೊಸಳೆಯ ಕಸದಬುಟ್ಟಿ. ಇದನ್ನೇ ನಾವು 'ಪರಿಸರಸ್ನೇಹಿ' ಎಂದು ಕರೆಯುವುದು ರೂಢಿಯಾಗಿದೆ. ನಕಲಿ ಮರವನ್ನು ನಿಲ್ಲಿಸಲು ನಿಜವಾದ ಜಾಲಿಮರ ಕಡಿದದ್ದನ್ನೂ ಕಂಡಿದ್ದೇವೆ. ಕಥೆಯಲ್ಲಿ ಹಳ್ಳಿಯ ಬದುಕು ಗೊತ್ತಿಲ್ಲದೆ ಬರೀ ಹಳ್ಳಿಯ ಮಾತಿನ ವೇಷ ಹಾಕುವ ಲೇಖಕನನ್ನು ಓದುಗರು ಕೂಡಲೇ ಗುರುತಿಸುತ್ತಾರೆ. ಕಟ್ಟಡದ ವೇಷವನ್ನು ಮಾತ್ರ ನಾವು ಚಪ್ಪಾಳೆ ತಟ್ಟಿ ಸ್ವಾಗತಿಸುತ್ತೇವೆ. ಬೆರೆಯುವುದೆಂದರೆ ವೇಷವಲ್ಲ, ನಡತೆ. ಈ ಲೇಖನದಲ್ಲಿ ನಮಗೆ ಹೇಳಲಿಕ್ಕಿರುವುದು ಇದೊಂದೇ ಮಾತು.

ನಡತೆಯ ಮಾತು ಬಂದಾಗ ಹಳೆಯ ಗೋಪುರಗಳನ್ನು ನೆನೆಯದಿರಲಾಗದು. ವಿಜಾಪುರದ ಉಪಲಿ ಬುರುಜನ್ನು ಹೈದರ್ ಖಾನ್ 1584ರ ಸುಮಾರಿಗೆ ಕಟ್ಟಿಸಿದ. ಸುಮಾರು 80 ಅಡಿ ಎತ್ತರ, ಹೊರಗೋಡೆಗೆ ಸುತ್ತಿಕೊಂಡ ಮೆಟ್ಟಿಲು, ಮೇಲೆ ತೋಪು. ಅದು ದೂರದವರೆಗೆ ನೋಡಬೇಕಿತ್ತು, ದೂರದವರಿಗೆ ಕಾಣಬೇಕಿತ್ತು, ಕಂಡವರು ಹೆದರಬೇಕಿತ್ತು. ಮಸೀದಿಯ ಮಿನಾರಿನ ಕೆಲಸ ಬೇರೆ. ಅದು ಕಾಣಿಸಿಕೊಳ್ಳಲು, ಕರೆಯನ್ನು ಕೇಳಿಸಲು ನಿಂತದ್ದು. ನೋಡುವುದು ಅದರ ಕೆಲಸವಲ್ಲ. 19ನೇ ಶತಮಾನದ ಕೈರೋ ನಗರದ ಬಗ್ಗೆ ಬರೆದ ಎಡ್ವರ್ಡ್ ಲೇನ್ ಅಲ್ಲಿ ಮುಅಜ್ಜಿನ್ ಕೆಲಸಕ್ಕೆ ಕುರುಡರನ್ನು ಹೆಚ್ಚಾಗಿ ಆರಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಎತ್ತರದಿಂದ ಮನೆಗಳ ಅಂಗಳ, ಮಾಳಿಗೆ ಕಾಣಬಾರದೆಂಬುದೇ ಕಾರಣ. ಎತ್ತರಕ್ಕೆ ಏರಿದವನ ಕಣ್ಣಿಗೂ ಒಂದು ಕಟ್ಟು ಬೇಕೆಂದು ಆ ಜನ ಯೋಚಿಸಿದ್ದರು.

ಪಕ್ಷಿವೀಕ್ಷಣಾ ಗೋಪುರ ಈ ಎರಡಕ್ಕೂ ಸೇರದ ಮೂರನೆಯ ಜಾತಿ. ಅದು ನೋಡಬೇಕು, ಆದರೆ ಕಾಣಬಾರದು. ಇಲ್ಲೇ ಒಂದು ಅಪಾಯವೂ ಇದೆ. ಕಾಣದಂತೆ ಕುಳಿತು ನೋಡುವುದಕ್ಕೆ ಲೋಕದಲ್ಲಿ ಇನ್ನೊಂದು ಹೆಸರು ಬೇಹುಗಾರಿಕೆ. ಉರ್ದುವಿನ 'ನಜರ್' ನಮ್ಮ ಬೆಳಗಾವಿ ಸೀಮೆಯ ಕನ್ನಡದಲ್ಲಿ 'ನದರು' ಆಗಿದೆ. ನದರು ಎಂದರೆ ನೋಟವೂ ಹೌದು, ತಾಗುವ ದೃಷ್ಟಿಯೂ ಹೌದು. ನೋಟ ತಾಗುತ್ತದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಹಿನ್ನೀರಿನ ದಂಡೆಯಲ್ಲಿ ಅಂದು ನಾವು ನಿಂತ ಜಾಗದ ಎಡಕ್ಕೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹುಡುಗನ ನಕ್ಷೆಯಲ್ಲಿ ಗೋಪುರ ನಿಲ್ಲುವುದು ಸರಿಯಾಗಿ ಆ ಜಾಗದ ಮೇಲೆ. ಸುತ್ತಲೂ ಗಾಜು, ಪ್ರವಾಸಿಗರ ಕೈಯಲ್ಲಿ ದುರ್ಬೀನು, ಕ್ಯಾಮರಾ. ನಾವು ಕೇಳಿದೆವು: "ಬೇಟಾ, ನಾಳೆ ಈ ಗೋಪುರ ಎದ್ದರೆ ಈ ಅಕ್ಕಂದಿರು ಎಲ್ಲಿಗೆ ಹೋಗಬೇಕು?" ಅವನು ಆ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ನಕ್ಷೆಯಲ್ಲಿ ಅವನು ಮರ ಬರೆದಿದ್ದ, ಹಕ್ಕಿ ಬರೆದಿದ್ದ, ಸೂರ್ಯಾಸ್ತವನ್ನೂ ಬರೆದಿದ್ದ, ಮನುಷ್ಯರನ್ನು ಬರೆದಿರಲಿಲ್ಲ. ಹಕ್ಕಿಗೆ ಕಾಣಬಾರದು, ಜನರಿಗೆ ಗೊತ್ತಿರಬೇಕು; ನೋಟದ ಕಿಂಡಿ ನೀರಿನ ಕಡೆಗೆ ಮಾತ್ರ ತೆರೆದಿರಬೇಕು, ಊರಿನ ಕಡೆಗೆ ಕುರುಡಾಗಿರಬೇಕು. ಇದನ್ನೇ ನಾವು ನೋಟದ ಅದಬು ಎನ್ನುವುದು.

ಹೊರದೇಶಗಳಲ್ಲಿ ಈ ಬಗ್ಗೆ ಯೋಚಿಸಿ ಕಟ್ಟಿದವರಿದ್ದಾರೆ. ಎರಡನ್ನು ಹೇಳುತ್ತೇವೆ. ನೆದರ್ಲೆಂಡ್ಸಿನ ಹಾರಿಂಗ್‌ವ್ಲೀಟ್ ಅಳಿವೆಯ ಬಳಿ 2019ರಲ್ಲಿ 'ಟೈ' ಎಂಬ ಹೆಸರಿನ ಪಕ್ಷಿವೀಕ್ಷಣಾಲಯ ತೆರೆಯಿತು. ರೀವ ಹಕ್ಕಿಯ ಮೊಟ್ಟೆಯ ಆಕಾರ, ಮರದ ಚೌಕಟ್ಟು, ಮೇಲೆ ಜೊಂಡಿನ ಹೊದಿಕೆ. ಆಕಾರವಷ್ಟನ್ನೇ ನೋಡಿದರೆ ನಮ್ಮ ಹುಡುಗನ ಕೊಕ್ಕರೆಗೂ ಆ ಮೊಟ್ಟೆಗೂ ವ್ಯತ್ಯಾಸವಿಲ್ಲ ಎನ್ನಬಹುದು. ಎರಡೂ ಹಕ್ಕಿಯ ನಕಲು. ಅದರ ನಿಜವಾದ ಗುಣ ಇರುವುದು ದಾರಿಯಲ್ಲಿ. ಬರುವವರು ಕೊನೆಯ ಹಂತದಲ್ಲಿ ಸುರಂಗದೊಳಗಿಂದ ನಡೆದು ಒಳಸೇರುತ್ತಾರೆ. ಅವರ ಬರವು ಹೋಗವು ಹಕ್ಕಿಗೆ ತಿಳಿಯುವುದಿಲ್ಲ. ನಮ್ಮ ಅಂಬಿಗರು ಹೇಳಿದ ನಡಿಗೆಯ ಮಾತು ಅಲ್ಲಿ ಕಟ್ಟಡವಾಗಿದೆ.

ಇನ್ನೊಂದು ಬೆಲ್ಜಿಯಂನ ಮಾಸ್ ನದಿಯ ದಂಡೆಯ ನೆಗೆನೋರ್ಡ್ ಗೋಪುರ, 2016ರದ್ದು. ಹಿಂದೆ ಗರಸು ತೆಗೆಯುತ್ತಿದ್ದ ಜಾಗ ಈಗ ನದಿಗೆ, ಹುಲ್ಲಿಗೆ ಮರಳಿದೆ. ಆ ಸೀಮೆಯ ಜೇಡಿ, ಗರಸುಗಳನ್ನೇ ಹದಮಾಡಿ, ಅಚ್ಚಿನೊಳಗೆ ಪದರ ಪದರವಾಗಿ ಬಡಿದು 11 ಮೀಟರಿನ ಗೋಡೆ ಎಬ್ಬಿಸಿದ್ದಾರೆ. ಬಣ್ಣವಿಲ್ಲ, ನೆಲದ ಬಣ್ಣವೇ ಅದರ ಬಣ್ಣ. ಅದು ಮರದ ವೇಷ ಹಾಕಿಲ್ಲ, ಹಕ್ಕಿಯ ವೇಷ ಹಾಕಿಲ್ಲ. ಇಲ್ಲಿ ಅಗೆದಿದ್ದೆವು, ಇದೇ ಮಣ್ಣಿನಿಂದ ಎದ್ದಿದ್ದೇವೆ ಎಂದು ತನ್ನ ಚರಿತ್ರೆಯನ್ನು ಒಪ್ಪಿಕೊಂಡು ನಿಂತಿದೆ. ಮಣ್ಣಿನ ಗೋಡೆಯ ಮೇಲೆ ಮಾಳಿಗೆ ಹಾಕಿ ಬದುಕಿದ ನಮ್ಮ ಸೀಮೆಗೆ ಇದರಲ್ಲಿ ಹೊಸತೇನಿದೆ? ನಾವು ಬಿಟ್ಟುಕೊಟ್ಟದ್ದನ್ನು ಅವರು ಕಲಿತಿದ್ದಾರೆ.

ಹಾಗಾದರೆ ಸವದತ್ತಿಯಲ್ಲಿ ಏನು ಮಾಡಬಹುದು? ಮೊದಲನೆಯದಾಗಿ ಎತ್ತರದ ಮೋಹ ಬಿಡಬೇಕು. ಇಡೀ ಹಿನ್ನೀರಿನ ಹರವು ನೋಡುವ ಆಸೆಯಿದ್ದವರಿಗೆ ಯಲ್ಲಮ್ಮನಗುಡ್ಡ, ಪರಸಗಡದ ಗುಡ್ಡಗಳಿವೆ. ಪ್ರಕೃತಿ ಆಗಲೇ ಗೋಪುರ ಕಟ್ಟಿಟ್ಟ ಕಡೆ ನಾವು ಇನ್ನೊಂದನ್ನು ಏಕೆ ಕಟ್ಟಬೇಕು? ದಂಡೆಯಲ್ಲಿ ಬೇಕಾದದ್ದು ಎತ್ತರವಲ್ಲ, ಮರೆ. ನೀರಿನ ಉತ್ತುಂಗ ಮಟ್ಟದಿಂದ ಸಾಕಷ್ಟು ಹಿಂದೆ, ಇರುವ ಏರಿಯ ಬೆನ್ನಿಗೆ ಅಂಟಿಕೊಂಡು, ಆ ಗುಡ್ಡದ ಮರಳುಗಲ್ಲಿನ ಬುನಾದಿಯ ಮೇಲೆ ಬಡಿದ ಮಣ್ಣಿನ ತಗ್ಗು ಗೋಡೆ. ಅಲ್ಲಿಗೆ ಮುಟ್ಟುವ ದಾರಿ ಏರಿಯ ಹಿಂಬದಿಯಿಂದ ಬರಬೇಕು. ಒಳಗೆ ಕತ್ತಲು, ನೆಲಕ್ಕೆ ಸದ್ದಾಗದ ಮಣ್ಣು. ಬೆಳಿಗ್ಗೆ ನೋಡುವವರು ಪೂರ್ವದ ದಂಡೆಯಲ್ಲಿ ಕುಳಿತರೆ ಸೂರ್ಯ ಬೆನ್ನಿಗಿರುತ್ತಾನೆ. ಸಂಜೆಗೆ ಪಶ್ಚಿಮದ ದಂಡೆ. ನೀರು ಸರಿದಂತೆ ಮುಂದೆ ಹೋಗಿ ನೋಡಬೇಕಾದರೆ ಮಂಚಿಕೆಯ ನೀತಿ: ಕಂಬ ಮತ್ತು ಕಣಿಕೆಯ ತಡಿಕೆ, ಹಂಗಾಮಿಗೆ ಕಟ್ಟಿ ಹಂಗಾಮಿಗೆ ಬಿಚ್ಚುವುದು. ಅದನ್ನು ಕಟ್ಟುವ ಕೂಲಿ ದಂಡೆಯ ಊರಿನವರಿಗೇ ಸೇರುತ್ತದೆ.

ನೋಡುವ ಕಿಂಡಿಗೆ ಮಾದರಿ ಬೇಕಿದ್ದರೆ ಕಿತ್ತೂರಿಗೆ ಹೋಗಬೇಕು. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಆ ಕೋಟೆಯೊಳಗಿನ ಪಾಳುಬಿದ್ದ ಅರಮನೆಯಲ್ಲಿ, ಧ್ರುವನಕ್ಷತ್ರ ನೋಡಲೆಂದು ಇಟ್ಟ ಕಿಂಡಿ ಎಂದು ಒಂದನ್ನು ತೋರಿಸುತ್ತಾರೆ. ಕೋಟೆಯ ಬುರುಜು ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದರೆ, ಈ ಕಿಂಡಿ ಒಂದೇ ದಿಕ್ಕಿಗೆ, ಒಂದೇ ನಕ್ಷತ್ರಕ್ಕೆ. ಏನನ್ನು ನೋಡಬೇಕೆಂದು ಗೊತ್ತಿದ್ದವರು ಮಾಡಿದ ಕಿಂಡಿ ಅದು. ನಮ್ಮ ಮಣ್ಣಿನ ಗೋಡೆಗೂ ಅಂಥವೇ ಬೇಕು: ಒಂದು ದೊಡ್ಡವರ ಕಣ್ಣಿನ ಮಟ್ಟಕ್ಕೆ, ಇನ್ನೊಂದು ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಎಟುಕುವ ಮಟ್ಟಕ್ಕೆ.

ಕೊನೆಗೊಂದು ಮಾತು ರಾಮದುರ್ಗದವರ ಪರವಾಗಿ. ಆಣೆಕಟ್ಟಿನ ಮೇಲ್ಗಡೆ ಹಕ್ಕಿ ನೋಡುವವರಿಗೆ ನೀರು ಒಂದು ಚಿತ್ರ. ಕೆಳಗಡೆ, ರಾಮದುರ್ಗ ತಾಲೂಕಿನ ಹೊಳೆಸಾಲಿನವರಿಗೆ ಅದೇ ನೀರು 2019ರ ಆಗಸ್ಟಿನಲ್ಲಿ ಮನೆಯೊಳಗೆ ಬಂದಿತ್ತು. ನೇಕಾರರ ಮಗ್ಗದ ಗುಂಡಿಗಳಲ್ಲಿ ಕೆಸರು ತುಂಬಿತ್ತು. ಜನ ಮಾಳಿಗೆಯ ಮೇಲೆ ನಿಂತು ನೀರು ಏರುವುದನ್ನು ನೋಡಿದರು. ಅದೂ ಒಂದು ವೀಕ್ಷಣೆಯೇ. ನಾವು ಕಟ್ಟುವ ಗೋಡೆಯ ಮೇಲೆ ಹಕ್ಕಿಗಳ ಬಣ್ಣದ ಪಟದ ಪಕ್ಕದಲ್ಲಿ ಜಲಾಶಯದ ಮಟ್ಟಗಳ ಗೆರೆ ಇರಲಿ. ನೀರಿನಡಿ ಹೋದ ಊರುಗಳ ಹೆಸರಿರಲಿ. ಬಾಗಿಲು ತೆರೆದಾಗ ಈ ನೀರು ಎಲ್ಲಿಗೆ ಹೋಗುತ್ತದೆಂದು ತೋರಿಸುವ ನಕ್ಷೆಯಿರಲಿ. ಹೆಬ್ಬಾತು ಹಿಮಾಲಯ ದಾಟಿದ ಕಥೆ ಕೇಳಿ ಬೆರಗಾಗುವ ಮಗು, ಈ ನೀರು ದಾಟಿ ಹೊಸ ಊರು ಕಟ್ಟಿಕೊಂಡವರ ಕಥೆಯನ್ನೂ ಕೇಳಲಿ.

ಈ ಮಾತನ್ನು ಈಗಲೇ ಆಡಲು ಕಾರಣವಿದೆ. ಯಲ್ಲಮ್ಮನಗುಡ್ಡದ ಪ್ರವಾಸೋದ್ಯಮ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿತು. ಲಕ್ಷಾಂತರ ಭಕ್ತರು ಬರುವ ಕ್ಷೇತ್ರಕ್ಕೆ ನೀರು, ನೆರಳು, ಶೌಚಾಲಯ ಬೇಕೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಪ್ರವಾಸೋದ್ಯಮದ ಹಣ ಬರುತ್ತದೋ ಅದರ ಬೆನ್ನಿಗೇ ಆಸುಪಾಸಿನ ಕೆರೆ-ಹಿನ್ನೀರುಗಳ ಮೇಲೂ ಕಣ್ಣು ಬೀಳುವುದು ನಮ್ಮ ನಾಡಿನ ಅನುಭವ. ಆಗ ಮೊದಲು ಏಳುವುದು ಗೋಪುರವೇ. ಏಕೆಂದರೆ ಗೋಪುರ ದೂರದಿಂದ ಕಾಣುತ್ತದೆ, ಉದ್ಘಾಟನೆಯ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ.

ಎರಡು ತಿಂಗಳ ಮೇಲೆ ಹುಡುಗ ಮತ್ತೆ ಬಂದ. ಈ ಸಾರಿ ಸುರುಳಿ ಚಿಕ್ಕದಿತ್ತು. ಕೊಕ್ಕರೆ ಹೋಗಿತ್ತು. ಏರಿಯ ಹಿಂದೆ ಒಂದು ಮಣ್ಣಿನ ಗೋಡೆ, ನೀರಿನ ಕಡೆಗೆ ಮೂರು ಕಿಂಡಿ, ಪಕ್ಕದಲ್ಲಿ ಮೊದಲಿದ್ದಲ್ಲೇ ಇರುವ ಬಟ್ಟೆ ಒಗೆಯುವ ಕಲ್ಲುಗಳು. ನೀರಿನ ಬಳಿ ಎಮ್ಮೆಗಳನ್ನೂ ಬರೆದಿದ್ದ. ನಮಗೆ ಸಂತೋಷವಾಯಿತು. ಆದರೆ ಅವನ ಮುಖದಲ್ಲಿ ಸಂತೋಷ ಇರಲಿಲ್ಲ.

"ಮಾಮೂ, ಇದರಲ್ಲಿ ಕಾಣೋದೇ ಏನೂ ಇಲ್ಲವಲ್ಲ. ಪರೀಕ್ಷೆ ಮಾಡುವವರು ಯಾವುದಕ್ಕೆ ಅಂಕ ಕೊಡ್ತಾರೆ?"

ನಮ್ಮ ಬಳಿ ಅದಕ್ಕೆ ಉತ್ತರವಿರಲಿಲ್ಲ. ಕಾಣಿಸದ ಕೆಲಸಕ್ಕೆ ಅಂಕ ಕೊಡುವುದನ್ನು ಶಾಲೆಗಳೂ ಕಲಿತಿಲ್ಲ, ಸರ್ಕಾರಗಳೂ ಕಲಿತಿಲ್ಲ, ನೋಡುಗರಾದ ನಾವೂ ಕಲಿತಿಲ್ಲ. ಆ ಗೋಡೆಯ ಹಿಂದೆ ಕುಳಿತವನನ್ನು ಹಕ್ಕಿ ಗಮನಿಸದೆ ತನ್ನ ಪಾಡಿಗೆ ಕೆಸರು ಕೆದಕುತ್ತಿದ್ದರೆ, ಆ ಅಕ್ಕಂದಿರು ತಲೆಯೆತ್ತಿ ನೋಡುವ ಅಗತ್ಯವೇ ಇಲ್ಲದೆ ಬಟ್ಟೆ ಒಗೆಯುತ್ತಿದ್ದರೆ, ಅವನಿಗೆ ಸಲ್ಲಬೇಕಾದ ಅಂಕ ಸಂದಂತೆಯೇ ಎಂದು ಹೇಳಿದೆವು. ಅವನು ನಕ್ಕು, ಸುರುಳಿ ಸುತ್ತಿಕೊಂಡು, ಸಲಾಂ ಹೇಳಿ ಬಸ್ಸಿಗೆ ಹೋದ.